ಮೊದಲ ಸಲ ಪಿಸ್ತೂಲು ಕೊಳ್ಳುವವರಿಗೆ ನಾಲ್ಕು ಗುಂಡು ಹಾರಿಸಿ ನೋಡಲು ಕೊಡಿ

ಸಂಪಾದಕರಿಗೆ ನಮಸ್ಕಾರ.

ನಾನು ಫೌಜಿನಲ್ಲಿ ಆರ್ಮರರ್ ಆಗಿದ್ದವನು. ಬಂದೂಕು ಬಿಚ್ಚುವುದು, ಎಣ್ಣೆ ಹಚ್ಚುವುದು, ಕೆಟ್ಟಿದ್ದನ್ನು ಸರಿ ಮಾಡುವುದು, ಇದೇ ನನ್ನ ಕೆಲಸ. ಪಿಂಚಣಿ ಮೇಲೆ ಬಂದ ನಂತರ ಗದುಗಿನ ಒಂದು ಬ್ಯಾಂಕಿನ ಬಾಗಿಲಲ್ಲಿ ಡಬಲ್ ಬ್ಯಾರಲ್ ಹಿಡಿದು ಸ್ಟೂಲಿನ ಮೇಲೆ ಕೂತೆ. ಈಗ ಅದನ್ನೂ ಬಿಟ್ಟು ಮನೆಯಲ್ಲಿದ್ದೇನೆ. ಆದರೆ ಜನ ನನ್ನನ್ನು ಬಿಟ್ಟಿಲ್ಲ. ಹತಾರದ ವಿಷಯ ಬಂತೆಂದರೆ ಮುಳಗುಂದ ನಾಕಾ ಕಡೆ ಬಂದು ನಮ್ಮ ಮನೆ ಬಾಗಿಲು ಬಡಿಯುತ್ತಾರೆ. ಈಚೆಗೆ ಬರುವವರು ಕೇಳುವುದು ಒಂದೇ ಮಾತು: ಮೊದಲನೇ ಸಲ ಪಿಸ್ತೂಲು ತಗೊಳ್ಳೋದಿದೆ, ಯಾವ ಬೋರ್ ಚೊಲೊ? ಬೋರ್ ಅಂದರೆ ನಳಿಗೆಯ ಒಳಗಿನ ಅಗಲ, ಅದಕ್ಕೆ ಹೊಂದುವ ಗುಂಡಿನ ಅಳತೆ. 9 ಎಂಎಂ ಅನ್ನುವುದು ಮಿಲಿಮೀಟರಿನ ಲೆಕ್ಕ, .32, .45 ಅನ್ನುವುದು ಇಂಚಿನ ಲೆಕ್ಕ.

ಎಲ್ಲರಿಗೂ ಕೂರಿಸಿಕೊಂಡು ಹೇಳಿ ಸಾಕಾಗಿದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಕೊನೆಗೆ ಪೊಲೀಸ್ ಇಲಾಖೆಗೆ ಒಂದು ವಿನಂತಿಯೂ ಇದೆ.

ಎಪಿಎಂಸಿಯಲ್ಲಿ ಅಡತಿ ಅಂಗಡಿ ಇಟ್ಟಿರುವ ಗೆಳೆಯರ ಮಗ ಮೊನ್ನೆ ಬಂದಿದ್ದ. ಸುಗ್ಗಿಯಲ್ಲಿ ರೊಕ್ಕ ಹಿಡಿದು ರಾತ್ರಿ ಓಡಾಡುವ ಹುಡುಗ. ಭಯ ಸುಳ್ಳಲ್ಲ. 'ಕಾಕಾ, 9 ಎಂಎಂ ಚೊಲೊನೋ, ಫೋರ್ಟಿ ಫೈವ್ ಚೊಲೊನೋ?' ಅಂದ. ಮೊಬೈಲಿನಲ್ಲಿ ಅಮೆರಿಕದವರ ವಿಡಿಯೋ ನೋಡಿ ನೋಡಿ ಎರಡರ ಗುಣದೋಷ ಬಾಯಿಪಾಠ ಮಾಡಿಕೊಂಡಿದ್ದ. ಆ ಜಗಳ ಅಮೆರಿಕದ್ದು. ಅಲ್ಲಿನ ಸೈನ್ಯ 1911ರಲ್ಲಿ .45 ಪಿಸ್ತೂಲು ಹಿಡಿಯಿತು, 1985ರಲ್ಲಿ 9 ಎಂಎಂಗೆ ಬದಲಾಯಿತು. ಯಾವುದು ಮೇಲು ಅಂತ ಅವರು ಇನ್ನೂ ಬಡಿದಾಡುತ್ತಿದ್ದಾರೆ. ಬಡಿದಾಡಲಿ. ನಮ್ಮ ಹುಡುಗನಿಗೆ ಅವೆರಡೂ ಸಿಗುವುದಿಲ್ಲ.

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಅದರಡಿ ಹತಾರಗಳಲ್ಲಿ ಎರಡು ಜಾತಿ. ಒಂದು ನಿಷೇಧಿತ ಬೋರ್, ಇನ್ನೊಂದು ನಿಷೇಧಿತವಲ್ಲದ್ದು. 9 ಎಂಎಂ ಪಿಸ್ತೂಲು, .38 ಮತ್ತು .455 ರಿವಾಲ್ವರ್, .303 ರೈಫಲ್ ಇವೆಲ್ಲ ನಿಷೇಧಿತ. ಅಂದರೆ ಫೌಜು, ಪೊಲೀಸರ ಕೈಯಲ್ಲಿ ಓಡಾಡಿದ ಗುಂಡುಗಳು. ಇವಕ್ಕೆ ಲೈಸೆನ್ಸ್ ಬೇಕೆಂದರೆ ದೆಹಲಿಯ ಗೃಹ ಮಂತ್ರಾಲಯದ ತನಕ ಹೋಗಬೇಕು. ಅಡತಿ ಅಂಗಡಿಯವರಿಗೆ, ಪೆಟ್ರೋಲ್ ಬಂಕಿನವರಿಗೆ ಅದು ಕೊಡುವ ಮಾತಲ್ಲ. ಲೈಸೆನ್ಸ್ ಇಲ್ಲದೆ ನಿಷೇಧಿತ ಹತಾರ ಸಿಕ್ಕರೆ 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಜೈಲು. ಹುಡುಗನಿಗೆ ಇದನ್ನು ಹೇಳಿದಾಗ ಮುಖ ಸಣ್ಣದಾಯಿತು.

ಹಾಗಾದರೆ ಉಳಿದದ್ದೇನು? ಗದಗ, ಹಾವೇರಿಯಲ್ಲಿ ಜಿಲ್ಲಾಧಿಕಾರಿ ಕಚೇರಿಯಿಂದ, ಹುಬ್ಬಳ್ಳಿ-ಧಾರವಾಡದಲ್ಲಿ ನವನಗರದ ಕಮಿಷನರ್ ಕಚೇರಿಯಿಂದ ಲೈಸೆನ್ಸ್ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಸಾಮಾನ್ಯನಿಗೆ ಕೈ ಹತಾರದಲ್ಲಿ ಹೆಚ್ಚಾಗಿ ಸಿಗುವುದು .32, ಇಲ್ಲವೇ .22. ಅಷ್ಟೇ. ಬೋರ್ ಆರಿಸುವ ಕೆಲಸವನ್ನು ಸರಕಾರ ಮುಕ್ಕಾಲು ಪಾಲು ಮಾಡಿ ಮುಗಿಸಿದೆ. ಉಳಿದ ಕಾಲು ಪಾಲಿನಲ್ಲೇ ಜನ ಎಡವುವುದು.

ಯಾಕೆಂದರೆ .32 ಅನ್ನುವುದು ಒಂದೇ ಗುಂಡಲ್ಲ. ರಿವಾಲ್ವರಿಗೆ ಹಾಕುವುದು .32 ಸ್ಮಿತ್ ಅಂಡ್ ವೆಸನ್ ಲಾಂಗ್. ಅದರ ಹಿಂಭಾಗದಲ್ಲಿ ಎದ್ದು ಕಾಣುವ ಅಂಚು ಇರುತ್ತದೆ. ಸಿಲಿಂಡರಿನೊಳಗೆ, ಅಂದರೆ ಗುಂಡು ತುಂಬುವ ತಿರುಗುವ ಉರುಳೆಯೊಳಗೆ, ಜಾರಿ ಹೋಗದಂತೆ ಆ ಅಂಚೇ ಹಿಡಿಯುವುದು. ಪಿಸ್ತೂಲಿಗೆ ಹಾಕುವುದು .32 ಎಸಿಪಿ, ಅದನ್ನೇ 7.65 ಎಂಎಂ ಅಂತಲೂ ಕರೆಯುತ್ತಾರೆ. ಗಿಡ್ಡ ಇದೆ, ಅಂಚು ಸಣ್ಣದು. ಇಲ್ಲಿ ಒಂದು ಅಪಾಯ ಇದೆ. ಕೆಲವು ರಿವಾಲ್ವರಿನಲ್ಲಿ ಪಿಸ್ತೂಲಿನ ಕಾಡತೂಸು ಹೇಗೋ ಕೂತುಬಿಡುತ್ತದೆ. ಕೂತಿತು ಅಂತ ಹಾರಿಸಬಾರದು. ಅದರ ಒತ್ತಡ ಬೇರೆ, ಆ ರಿವಾಲ್ವರ್ ಅದಕ್ಕೆ ಮಾಡಿದ್ದಲ್ಲ. ಅಪ್ಪನ ಕಾಲದ ರಿವಾಲ್ವರ್ ಮಗನ ಹೆಸರಿಗೆ ಮಾಡಿಸಿಕೊಂಡ ಒಂದು ಮನೆಯಲ್ಲಿ ಎರಡೂ ಜಾತಿ ಕಾಡತೂಸು ಒಂದೇ ಡಬ್ಬಿಯಲ್ಲಿ ಕಲೆತು ಬಿದ್ದಿದ್ದವು. 'ಎಲ್ಲಾ ಥರ್ಟಿ ಟೂನೇ ಅಲ್ವಾ?' ಅಂದರು. ಒಂದೊಂದೇ ತೆಗೆದು ಹಿಂದಿನ ಮುದ್ರೆ ಓದಿಸಿ ಬೇರೆ ಮಾಡಿಸಿದೆ.

.32 ಸಾಕಾಗುತ್ತದಾ ಅಂತ ಮುಂದಿನ ಪ್ರಶ್ನೆ. 9 ಎಂಎಂ ಗುಂಡಿನ ಹೊಡೆತ ಇದರ ಎರಡು-ಮೂರು ಪಟ್ಟು ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಯುರೋಪಿನಲ್ಲಿ ಎಷ್ಟೋ ಪೊಲೀಸರು ಇದೇ 7.65 ಎಂಎಂ ವಾಲ್ಥರ್ ಪಿಪಿ ಸೊಂಟಕ್ಕೆ ಸಿಗಿಸಿಕೊಂಡು ದಶಕಗಟ್ಟಲೆ ಡ್ಯೂಟಿ ಮಾಡಿದ್ದಾರೆ. ಗುರಿಗೆ ತಾಗಿದ ಸಣ್ಣ ಗುಂಡಿಗೆ ಲೆಕ್ಕ ಇದೆ. ತಪ್ಪಿದ ದೊಡ್ಡ ಗುಂಡು ಹೋಗುವುದು ಪಕ್ಕದ ಮನೆಯ ಗೋಡೆಗೆ, ಇಲ್ಲಾ ಪಕ್ಕದ ಮನೆಯವರಿಗೆ. ನಮ್ಮ ಓಣಿಗಳು ಎಷ್ಟು ಇಕ್ಕಟ್ಟು ಅಂತ ನಿಮಗೆ ಗೊತ್ತೇ ಇದೆ.

ಈಗ ರಿವಾಲ್ವರೋ ಪಿಸ್ತೂಲೋ? ನಿಜವಾದ ಆಯ್ಕೆ ಇದು. ನನ್ನನ್ನು ಕೇಳಿದರೆ ಮೊದಲ ಸಲದವರಿಗೆ ರಿವಾಲ್ವರ್. ನಮ್ಮ ಸರಕಾರಿ ಕಾರ್ಖಾನೆಯ .32 ರಿವಾಲ್ವರ್ ಬ್ರಿಟಿಷರ ಕಾಲದ ವೆಬ್ಲಿ ರಿವಾಲ್ವರಿನ ವಂಶದ್ದು. ಆರು ಗುಂಡು, ಮೂರು ಇಂಚಿನ ನಳಿಗೆ, ಸುಮಾರು 700 ಗ್ರಾಂ ತೂಕ. ನೋಡಲು ಚಂದ ಇಲ್ಲ. ಆದರೆ ಮೇಲಿನ ಚಿಲಕ ಬಿಟ್ಟು ಮಡಚಿದರೆ ಆರೂ ಗೂಡು ಕಣ್ಣೆದುರಿಗೆ ಬರುತ್ತವೆ. ತುಂಬಿದೆಯೋ ಖಾಲಿಯೋ ಅನ್ನುವುದಕ್ಕೆ ಅನುಮಾನವೇ ಇಲ್ಲ. ಒಂದು ಕಾಡತೂಸು ಹಾರಲಿಲ್ಲವೆಂದರೆ ಟ್ರಿಗರ್ ಮತ್ತೊಮ್ಮೆ ಎಳೆದರಾಯಿತು, ಮುಂದಿನದು ಬರುತ್ತದೆ. ಅದರ ಟ್ರಿಗರ್ ಬಿಗಿ ಅಂತ ಎಲ್ಲರೂ ಗೊಣಗುತ್ತಾರೆ. ಬಿಗಿ ಇದ್ದದ್ದೇ ಒಳ್ಳೆಯದು. ಗಾಬರಿಯಲ್ಲಿ ಬೆರಳು ತಾಗಿದ ಮಾತ್ರಕ್ಕೆ ಹಾರುವುದಿಲ್ಲ. ಹ್ಯಾಮರ್ ಹಿಂದಕ್ಕೆ ಎಳೆದಿಟ್ಟರೆ ಮಾತ್ರ ಟ್ರಿಗರ್ ಹಗುರಾಗುತ್ತದೆ. ಮನೆಯಲ್ಲಿ ಹಾಗೆ ಎಳೆದಿಡಬೇಡಿ.

ಪಿಸ್ತೂಲು ಚಪ್ಪಟೆ, ಜೇಬಿನಲ್ಲಿ ಎದ್ದು ಕಾಣುವುದಿಲ್ಲ, ಗುಂಡೂ ಜಾಸ್ತಿ. ಹುಡುಗರಿಗೆ ಅದೇ ಇಷ್ಟ. ನನ್ನ ತಕರಾರು ಒಂದೇ. ಮ್ಯಾಗಜಿನ್, ಅಂದರೆ ಗುಂಡು ತುಂಬುವ ಡಬ್ಬಿ, ಹೊರಗೆ ತೆಗೆದ ತಕ್ಷಣ ಪಿಸ್ತೂಲು ಖಾಲಿ ಆಯಿತು ಅಂತ ಹೊಸಬರು ತಿಳಿಯುತ್ತಾರೆ. ಆಗಿರುವುದಿಲ್ಲ. ನಳಿಗೆಯ ಬುಡದಲ್ಲಿ ಒಂದು ಗುಂಡು ಕೂತೇ ಇರಬಹುದು. ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಪೂರ್ತಿ ಹಿಂದಕ್ಕೆ ಎಳೆದು, ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು. ಫೌಜಿನಲ್ಲಿ ಇದನ್ನು ಬೈದು ಬೈದು ಕಲಿಸುತ್ತಾರೆ. ಊರಲ್ಲಿ ಬೈಯುವವರು ಯಾರಿದ್ದಾರೆ? ಸ್ವಚ್ಛ ಮಾಡುವಾಗ ಆಕಸ್ಮಿಕವಾಗಿ ಗುಂಡು ಹಾರಿತು ಅಂತ ನಿಮ್ಮ ಪತ್ರಿಕೆಯಲ್ಲೇ ಸುದ್ದಿ ಬರುತ್ತಿರುತ್ತದೆ. ಓದಿದಾಗೆಲ್ಲ ನನಗೆ ಇದೇ ನೆನಪಾಗುತ್ತದೆ.

ಇನ್ನೊಂದು ಸಂಗತಿ ಅಂಗಡಿಯವರು ಹೇಳುವುದಿಲ್ಲ. .32 ಪಿಸ್ತೂಲು ಸಣ್ಣದಿದ್ದರೂ ಅದರ ಸ್ಪ್ರಿಂಗ್ ಗಟ್ಟಿ ಇರುತ್ತದೆ. ಆ ಜಾತಿ ಪಿಸ್ತೂಲಿನಲ್ಲಿ ಗುಂಡು ಹಾರುವಾಗ ಸ್ಲೈಡನ್ನು ತಡೆದು ಹಿಡಿಯುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗು, ಬೇರೆ ಕೀಲಿ ಇಲ್ಲ. ಹುಬ್ಬಳ್ಳಿಯ ಒಬ್ಬ ಡಾಕ್ಟರಮ್ಮ ರಾತ್ರಿ ಹೆರಿಗೆ ಕೇಸ್ ಮುಗಿಸಿ ಒಬ್ಬರೇ ಕಾರು ಓಡಿಸಿಕೊಂಡು ಬರುವವರು. ಸಣ್ಣ ಪಿಸ್ತೂಲೇ ಹೆಂಗಸರಿಗೆ ಸರಿ ಅಂತ ಯಾರೋ ಹೇಳಿದ್ದರಂತೆ. ಅಂಗಡಿಗೆ ಹೋಗಿ ಖಾಲಿ ಪಿಸ್ತೂಲು ಕೈಗೆ ತೆಗೆದುಕೊಂಡರೆ ಸ್ಲೈಡ್ ಅರ್ಧವೂ ಬರಲಿಲ್ಲ. ಅಷ್ಟರಲ್ಲಿ ಅರ್ಜಿಯಲ್ಲಿ ಪಿಸ್ತೂಲು ಅಂತ ಬರೆದಾಗಿತ್ತು. ಬದಲಾಯಿಸಲು ಮತ್ತೆ ಕಚೇರಿಯ ಮೆಟ್ಟಿಲು.

ಹೆಂಗಸರಿಗೆ ಅಂತಲೇ 2014ರಲ್ಲಿ ಕಾನ್ಪುರದ ಕಾರ್ಖಾನೆ ನಿರ್ಭೀಕ್ ಅಂತ ರಿವಾಲ್ವರ್ ತಂದಿತು. ಅದೂ .32. ಟೈಟಾನಿಯಂ ಮಿಶ್ರಲೋಹ, ತೂಕ 500 ಗ್ರಾಂ, ಬಂದಾಗಲೇ ಬೆಲೆ 1.22 ಲಕ್ಷ ರೂಪಾಯಿ. ಹಗುರ ಆದಷ್ಟೂ ಹಾರಿಸುವಾಗ ಕೈಗೆ ಜಗ್ಗು ಜಾಸ್ತಿ ಅನ್ನುವುದು ಜಾಹೀರಾತಿನಲ್ಲಿ ಇರುವುದಿಲ್ಲ. ಪರ್ಸಿಗೆ ಹಗುರ, ಮುಂಗೈಗೆ ಅಲ್ಲ. ಕಲಿಯಲು .22 ಚೊಲೊ. ಸದ್ದು ಕಡಿಮೆ, ಜಗ್ಗು ಇಲ್ಲವೇ ಇಲ್ಲ ಅನ್ನಬೇಕು. ಆದರೆ .22 ಕಾಡತೂಸಿನಲ್ಲಿ ಕಿಡಿ ಹೊತ್ತಿಸುವ ಮದ್ದು ಅಂಚಿನೊಳಗೆ ಇರುತ್ತದೆ. ಹಾಗಾಗಿ ಠುಸ್ ಅನ್ನುವುದು ಬೇರೆಯವಕ್ಕಿಂತ ತುಸು ಜಾಸ್ತಿ. ಜೀವ ಕಾಪಾಡಿಕೊಳ್ಳಲು ಅದೊಂದನ್ನೇ ನಂಬಿ ಅಂತ ನಾನು ಹೇಳುವುದಿಲ್ಲ.

ನಮ್ಮ ಅಕ್ಕನ ಮಗ ಬಂದದ್ದು ಬೇರೆಯೇ ಕಥೆ. ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಬುಡದಲ್ಲಿ ಅವನ ಹೊಲ. ಗೋವಿನಜೋಳ ತೆನೆ ಕಟ್ಟಿತೆಂದರೆ ಕಾಡುಹಂದಿ ಇಳಿಯುತ್ತವೆ. 'ಮಾಮಾ, ರಿವಾಲ್ವರ್ ತಗೊಳ್ತೀನಿ' ಅಂದ. ಕತ್ತಲಲ್ಲಿ ಓಡುವ ಹಂದಿಗೆ ಮೂರು ಇಂಚಿನ ನಳಿಗೆಯಿಂದ ಹೊಡೆಯುತ್ತೀಯಾ ಅಂತ ಕೇಳಿದೆ. ಹೊಡೆಯುವುದೂ ಹಾಗೆ ಸುಮ್ನೆ ಬರುವುದಿಲ್ಲ, ವನ್ಯಜೀವಿ ಕಾಯ್ದೆ ಇದೆ, ಅನುಮತಿ ಬೇಕು. ಕೃಷ್ಣಮೃಗದ ಸುದ್ದಿಗಂತೂ ಹೋಗಲೇಬಾರದು. ಬೆಳೆ ಕಾಯಲು ನಳಿಗೆಯಲ್ಲಿ ಮದ್ದು ತುಂಬುವ ಬಂದೂಕಿಗೆ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲೇ ಬೇರೆ ಜಾಗ ಇದೆ. ಪಿಸ್ತೂಲು, ರಿವಾಲ್ವರಿಗೆ ಆದರೆ ಸರಿಯಾದ ಕಾರಣ ಇದೆ ಅಂತ ಅಧಿಕಾರಿಗೆ ಮನವರಿಕೆ ಆಗಬೇಕು. ಹಂದಿ ಆ ಕಾರಣ ಅಲ್ಲ. ಲಕ್ಷ ರೂಪಾಯಿ ಅಲ್ಲಿ ಹಾಕುವ ಬದಲು ಬೇಲಿಗೆ ಹಾಕು ಅಂದೆ. ಮುಖ ಗಂಟು ಹಾಕಿಕೊಂಡು ಚಹಾ ಕುಡಿಯದೆ ಹೋದ.

ವಿಜಯಪುರದ ಕಡೆಯಿಂದ ಕಂಟ್ರಿ ಪಿಸ್ತೂಲು ಅಗ್ಗಕ್ಕೆ ಸಿಗುತ್ತದೆ ಅಂತ ಪಿಸುಗುಡುವವರೂ ಇದ್ದಾರೆ. ಅವರಿಗೆ ನಮ್ಮ ಮನೆಯಲ್ಲಿ ಕುರ್ಚಿ ಇಲ್ಲ.

ತೆಗೆದುಕೊಂಡವರು ಏನು ಮಾಡುತ್ತಾರೆ ಅನ್ನುವುದನ್ನೂ ನೋಡಿದ್ದೇನೆ. ಚರ್ಮದ ಚೀಲದಲ್ಲಿ ಹಾಕಿ ತಿಜೋರಿಯಲ್ಲಿ ಇಡುತ್ತಾರೆ. ಮಹಾನವಮಿಗೆ ಹೊರಗೆ ತೆಗೆದು ಕುಂಕುಮ ಹಚ್ಚಿ, ನೀರು ಚಿಮುಕಿಸಿ, ಪೂಜೆ ಮಾಡಿ ಮತ್ತೆ ಅದೇ ಚೀಲಕ್ಕೆ. ಚರ್ಮ ತೇವ ಹಿಡಿಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಮಾರನೇ ದಿನ ಒರೆಸಿ ಎಣ್ಣೆ ಹಚ್ಚಿ. ಹಾಗೆಯೇ ಮದುವೆಯಲ್ಲಿ ಗಾಳಿಗೆ ಹಾರಿಸುವ ಶೋಕಿ ಇದ್ದವರು ತಿಳಿದಿರಲಿ, 2019ರಿಂದ ಅದಕ್ಕೂ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ, ಅಥವಾ ಎರಡೂ.

ಈಗ ನನ್ನ ವಿನಂತಿ. 2016ರ ನಿಯಮದ ಪ್ರಕಾರ ಲೈಸೆನ್ಸಿಗೆ ತರಬೇತಿಯ ಪ್ರಮಾಣಪತ್ರ ಬೇಕು. ನಮ್ಮ ಜಿಲ್ಲೆಗಳಲ್ಲಿ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಒಳ್ಳೆಯ ಕೆಲಸ. ಕಲಿಸುವ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್) ಹುಡುಗರು ಶಿಸ್ತಿನವರು. ಆದರೆ ನಾನು ನೋಡಿದ ಶಿಬಿರದಲ್ಲಿ ಕೈಗೆ ಕೊಟ್ಟದ್ದು ರೈಫಲ್. ರೈಫಲ್ ಹೊಡೆದು ಸರ್ಟಿಫಿಕೇಟ್ ಹಿಡಿದವನು ಹೊರಗೆ ಬಂದು ಕೊಳ್ಳುವುದು ರಿವಾಲ್ವರ್. ಟ್ರ್ಯಾಕ್ಟರ್ ಓಡಿಸಿ ಬೈಕಿನ ಲೈಸೆನ್ಸ್ ತಗೊಂಡ ಹಾಗೆ. ಉದ್ದ ಬಂದೂಕಿಗೆ ಭುಜದ ಆಸರೆ ಇದೆ, ಪಿಸ್ತೂಲಿಗೆ ಇಲ್ಲ. ಹೊಸಬನ ಕೈಯಲ್ಲಿ ಹತ್ತು ಹೆಜ್ಜೆ ದೂರದ ಹಲಗೆಯೂ ತಪ್ಪುತ್ತದೆ.

ಅದಕ್ಕೆ ಶಿಬಿರಕ್ಕೆ ಒಂದು ದಿನ ಜಾಸ್ತಿ ಸೇರಿಸಿ. ಕೈ ಹತಾರಕ್ಕೆ ಅರ್ಜಿ ಹಾಕುವವರನ್ನು ಮಾತ್ರ ಕರೆಯಿರಿ. ಒಂದು .32 ರಿವಾಲ್ವರ್, ಒಂದು .32 ಪಿಸ್ತೂಲು ಇಡಿ. ಎರಡರಲ್ಲೂ ನಾಲ್ಕು ನಾಲ್ಕು ಗುಂಡು ಹಾರಿಸಲಿ. ಕಾಡತೂಸಿನ ಖರ್ಚು ಅವರಿಂದಲೇ ವಸೂಲಿ ಮಾಡಿ, ಲಕ್ಷ ಕೊಟ್ಟು ಕೊಳ್ಳುವವರಿಗೆ ಅದು ಭಾರ ಅಲ್ಲ. ಒಂದೊಂದು ಜಿಲ್ಲೆಯಲ್ಲಿ ಅಂಥವರು ಕಡಿಮೆ ಇದ್ದರೆ ಗದಗ, ಹಾವೇರಿ, ಧಾರವಾಡದವರನ್ನು ಒಟ್ಟಿಗೆ ಒಂದೇ ಕಡೆ ಕರೆಯಬಹುದು. ಇದು ಅರ್ಜಿ ತುಂಬುವ ಮೊದಲೇ ಆಗಬೇಕು, ಆಮೇಲಲ್ಲ. ಸ್ಲೈಡ್ ಬರುತ್ತದೋ ಇಲ್ಲವೋ, ಟ್ರಿಗರ್ ಎಳೆಯಲು ಬೆರಳಿಗೆ ಬಲ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಸದ್ದು ಕೇಳಿ ಇದು ನನ್ನ ಕೆಲಸ ಅಲ್ಲ ಅಂತ ಅರ್ಜಿ ಹಾಕದೆ ಮನೆಗೆ ಹೋಗುವವರೂ ಇರುತ್ತಾರೆ. ಹೋಗಲಿ ಬಿಡಿ, ಇಲಾಖೆಗೂ ಒಂದು ಫೈಲು ಕಡಿಮೆ.

ಜೊತೆಗೆ ಕನ್ನಡದಲ್ಲಿ ಒಂದೇ ಹಾಳೆಯ ಸೂಚನೆ ಕೊಡಲಿ. ಅದರಲ್ಲಿ ಎರಡು .32 ಕಾಡತೂಸುಗಳ ಚಿತ್ರ ಪಕ್ಕ ಪಕ್ಕ ಇರಲಿ, ನಿಜವಾದ ಅಳತೆಯಲ್ಲೇ. ಕಲಿಸಲು ಜನ ಸಾಲದಿದ್ದರೆ ನಮ್ಮಂಥ ಮಾಜಿ ಸೈನಿಕರು ಈ ಭಾಗದಲ್ಲಿ ಬೇಕಾದಷ್ಟು ಜನ ಇದ್ದೇವೆ. ಕರೆದರೆ ಬರುತ್ತೇವೆ, ಭತ್ಯೆ ಕೇಳುವುದಿಲ್ಲ.

ನನ್ನ ಹೆಸರು, ವಿಳಾಸ ನಿಮ್ಮ ಕಚೇರಿಯಲ್ಲಿ ಇರಲಿ, ದಯವಿಟ್ಟು ಅಚ್ಚು ಹಾಕಬೇಡಿ. ಯಾರ ಮನೆಯಲ್ಲಿ ಹತಾರ ಇದೆ ಅಂತ ಪೇಪರಿನಲ್ಲಿ ಬರುವುದು ಸರಿಯಲ್ಲ.

ಇಂತಿ,
ನಿವೃತ್ತ ಹವಾಲ್ದಾರ್, ಗದಗ