ಯಾವ ದಿನದ ಸಮಾಧಿ?

ಚಿ. ಸಹನಾಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ, ಪ್ರಾಚೀನ ಈಜಿಪ್ಟಿನ ದೊರೆ ಟುಟಾಂಖಾಮನ್ ಸಮಾಧಿಯ 3ಡಿ ಮಾದರಿ ನೋಡಿದೆ. ಕೈ ಚೆನ್ನಾಗಿ ಪಳಗಿದೆ, ಸಂತೋಷವಾಯಿತು. ಆದರೆ ಒಂದು ಮಾತು ಕೇಳಬೇಕು. ನೀನು ಕಟ್ಟಿರುವುದು ಯಾವ ದಿನದ ಸಮಾಧಿ?

ನಿನ್ನ ಮಾದರಿಯಲ್ಲಿ ಶವದ ಕೋಣೆ ಖಾಲಿ ಇದೆ, ನಾಲ್ಕೂ ಗೋಡೆಯ ಚಿತ್ರಗಳು ಹೊಚ್ಚಹೊಸದಾಗಿವೆ. ಅಂಥ ಕೋಣೆ ಯಾವ ಕಾಲದಲ್ಲೂ ಇರಲಿಲ್ಲ. ಶವಪೆಟ್ಟಿಗೆಯ ಸುತ್ತ ಒಂದರೊಳಗೊಂದು ನಿಲ್ಲಿಸುವ, ಚಿನ್ನದ ತಗಡು ಹೊದಿಸಿದ ಮರದ ಮಂಟಪಗಳನ್ನು ಒಳಗಿಟ್ಟ ಮೇಲೆಯೇ ದಕ್ಷಿಣದ ಅಡ್ಡಗೋಡೆ ಕಟ್ಟಿದ್ದು, ಆಮೇಲೆ ಅದಕ್ಕೆ ಬಣ್ಣ ಹಚ್ಚಿದ್ದು. ಕೋಣೆಯ ಉದ್ದ ಸುಮಾರು 6.4 ಮೀಟರ್, ಅಗಲ ಸುಮಾರು 4 ಮೀಟರ್. ಹೊರಗಿನ ಮಂಟಪವೊಂದೇ 5 ಮೀಟರ್ ಉದ್ದ, ಅದರೊಳಗೆ ಇನ್ನೂ ಮೂರು. ಪಕ್ಕದಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಜಾಗ ಮಾತ್ರ. ಆ ಇಕ್ಕಟ್ಟು ಕಾಣಿಸದಿದ್ದರೆ ನೋಡುವವರಿಗೆ ಏನು ತಿಳಿಯುತ್ತದೆ, ಹೇಳು.

ಹಾಗಾಗಿ ಮೊದಲು ಕಾಲ ಗೊತ್ತು ಮಾಡಿಕೋ. ಮುಚ್ಚಿದ ದಿನದ್ದಾ, 1923ರಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ಈ ಕೋಣೆಯ ಗೋಡೆ ಒಡೆದಾಗಿನದ್ದಾ, ಇವತ್ತಿನದ್ದಾ? ಎರಡನೆಯದಾದರೆ ಕಾರ್ಟರ್ ತಂಡದ ಛಾಯಾಗ್ರಾಹಕ ಹ್ಯಾರಿ ಬರ್ಟನ್ ತೆಗೆದ ಫೋಟೋಗಳಿವೆ. ಆಕ್ಸ್‌ಫರ್ಡ್‌ನ ಗ್ರಿಫಿತ್ ಇನ್‌ಸ್ಟಿಟ್ಯೂಟ್ ಅವನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ, ಕಾರ್ಟರ್ ತಂಡದ ವಸ್ತುಪಟ್ಟಿಯ ಕಾರ್ಡ್‌ಗಳೂ ಜೊತೆಗಿವೆ. ಗೋಡೆಯ ಕಂದು ಚುಕ್ಕೆಗಳನ್ನು ನೀನು ಅಳಿಸಿದ್ದೀಯ. ಅವು ಬರ್ಟನ್ ಫೋಟೋಗಳಲ್ಲೇ ಇವೆ. ಆಮೇಲೆ ಅವು ಬೆಳೆದಿಲ್ಲ ಅಂತ ಗೆಟ್ಟಿ ಸಂರಕ್ಷಣಾ ಸಂಸ್ಥೆಯವರು ಹೋಲಿಸಿ ನೋಡಿ ಹೇಳಿದ್ದಾರೆ. ಹಾಗಿರುವಾಗ ಸುಮ್ನೆ ಅಂದಕ್ಕೋಸ್ಕರ ಅಳಿಸಬೇಡ.

ಪಶ್ಚಿಮ ಗೋಡೆಯ 12 ಕೋತಿಗಳನ್ನೂ ನೋಡಿದೆ. ಒಂದನ್ನೇ ಕಾಪಿ ಮಾಡಿ 12 ಸಲ ಇಟ್ಟಿದ್ದೀಯ, ಅಲ್ವಾ? ಅವು ಕೈಯಲ್ಲಿ ಬರೆದವು. ಒಂದರ ಬೆನ್ನಿನ ಗೆರೆ ಇನ್ನೊಂದಕ್ಕಿಲ್ಲ. ಎಐಗೆ ಕೊಟ್ಟು ಸವೆದ ಅಕ್ಷರ ತುಂಬಿಸುವುದಂತೂ ಖಂಡಿತ ಬೇಡ. ಅದು ಚಿತ್ರಲಿಪಿಯ ಹಾಗೆ ಕಾಣುವ ಏನನ್ನೋ ಬರೆದುಬಿಡುತ್ತದೆ. ಓದಬಲ್ಲವರಿಗೆ ಅದು ಬರೀ ಸುಳ್ಳು. ಸತ್ತವನ ಹೆಸರು ಅಳಿಯಬಾರದು ಅಂತ ಬರೆಸಿದ ಗೋಡೆ ಅದು. ಅಲ್ಲಿ ನಾವು ಅಕ್ಷರ ಹುಟ್ಟಿಸಬಾರದು.

ಹಾಗಾದರೆ ಇಲ್ಲದ್ದನ್ನು ಏನು ಮಾಡುವುದು? ಕಲಾಕೃತಿಗಳ ಪ್ರತಿರೂಪ ಮಾಡುವ ಮ್ಯಾಡ್ರಿಡ್‌ನ ಸಂಸ್ಥೆ ಫ್ಯಾಕ್ಟಮ್ ಆರ್ಟೆ ಮಾಡಿದ್ದನ್ನು ನೋಡು. ಮಂಟಪಗಳನ್ನು ಹೊರತೆಗೆಯಲು ಕಾರ್ಟರ್ ದಕ್ಷಿಣ ಗೋಡೆಯ ಒಂದು ಭಾಗ ತೆಗೆಸಿದ. ಐಸಿಸ್ ದೇವಿಯೂ ಇನ್ನು ಮೂರು ದೇವತೆಗಳೂ ಇದ್ದ ಭಾಗ ಅದು. ಫ್ಯಾಕ್ಟಮ್‌ನವರು 2009ರಲ್ಲಿ ಕೋಣೆಯನ್ನು ಸ್ಕ್ಯಾನ್ ಮಾಡಿದರು. ಅವರು ಮಾಡಿದ ಪೂರ್ತಿ ಅಳತೆಯ ಪ್ರತಿರೂಪ 2014ರಲ್ಲಿ ಈಜಿಪ್ಟಿನ ಲಕ್ಸರ್‌ನ ಕಾರ್ಟರ್ ಮನೆಯ ಪಕ್ಕ ತೆರೆಯಿತು. ಕಳೆದ ತುಂಡನ್ನು ಬರ್ಟನ್‌ನ ಕಪ್ಪುಬಿಳುಪು ಫೋಟೋ ನೋಡಿ ಮತ್ತೆ ಮಾಡಿದರು. ಆದರೆ ಗೋಡೆಗೆ ಅಂಟಿಸಲಿಲ್ಲ, ಬೇರೆಯಾಗಿ ಇಟ್ಟರು. ನನಗೆ ಅವರ ಎಲ್ಲ ಸ್ಕ್ಯಾನಿಂಗ್‌ಗಿಂತ ಅದೇ ದೊಡ್ಡದು ಅನ್ನಿಸುತ್ತದೆ.

ನೀನೂ ಹಾಗೇ ಪದರ ಮಾಡು. ಅಳೆದದ್ದು ಒಂದರಲ್ಲಿ, ಹಳೇ ಫೋಟೋದಿಂದ ಬಂದದ್ದು ಇನ್ನೊಂದರಲ್ಲಿ, ನಿನ್ನ ಊಹೆ ಮೂರನೆಯದರಲ್ಲಿ. ನೋಡುವವರು ಊಹೆಯನ್ನು ಒಂದೇ ಒತ್ತಿಗೆ ಆರಿಸುವ ಹಾಗಿರಲಿ.

ಮುಂದೆ ಇನ್ನೊಬ್ಬ ಈಜಿಪ್ಟ್ ದೊರೆ ಮೊದಲನೇ ಸೇಟಿಯ ಸಮಾಧಿ ಮಾಡುತ್ತೇನೆ ಅಂದಿದ್ದೀಯ. ಅದು ಇನ್ನೂ ಕಷ್ಟ. 1817ರಲ್ಲಿ ಇಟಲಿಯ ಅನ್ವೇಷಕ ಬೆಲ್ಜೋನಿ ಅದನ್ನು ಕಂಡುಹಿಡಿದ ಮೇಲೆ ಗೋಡೆಗಳ ಅಚ್ಚು ತೆಗೆಯುವಾಗ ಬಣ್ಣವೇ ಕಿತ್ತುಬಂತು. ಕತ್ತರಿಸಿ ಒಯ್ದ ಫಲಕಗಳು ಪ್ಯಾರಿಸ್‌ನ ಲೂವ್ರ್‌ನಲ್ಲಿ, ಫ್ಲಾರೆನ್ಸ್‌ನಲ್ಲಿ ಇವೆ. ಶವಪೆಟ್ಟಿಗೆ ಲಂಡನ್‌ನ ಸೋನ್ ಮ್ಯೂಸಿಯಂನಲ್ಲಿದೆ. ಯಾವ ತುಂಡು ಎಲ್ಲಿದೆ ಅನ್ನುವುದನ್ನೂ ಮಾದರಿಯಲ್ಲೇ ಬರೆದಿಡು.

ಟುಟಾಂಖಾಮನ್‌ದನ್ನು ಪದರ ಬೇರೆ ಮಾಡಿ ಈ ತಿಂಗಳಲ್ಲೇ ಕಳಿಸು. ಬರ್ಟನ್ ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಂಡು ನಾನೂ ಒಂದೊಂದೇ ಗೋಡೆ ನೋಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ