ನಾಪಾದಲ್ಲಿ ಅವಸರವಿಲ್ಲದ ಮೂರು ದಿನ

ಕಳೆದ ತಿಂಗಳು ಸಂಘದ ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತ ನಿಂತಿದ್ದಾಗ, ನಾನೂ ನನ್ನ ಪತ್ನಿಯೂ ಕ್ಯಾಲಿಫೋರ್ನಿಯಾದಲ್ಲಿ ವೈನಿಗೆ ಹೆಸರಾದ ನಾಪಾ ಕಣಿವೆಯಲ್ಲಿ ಮೂರು ದಿನ ಇದ್ದು ಬಂದ ವಿಷಯ ಮಾತಿನ ನಡುವೆ ಬಂತು. ಹಿರಿಯ ಸದಸ್ಯರೊಬ್ಬರು ದನಿ ತಗ್ಗಿಸಿ, "ಅಲ್ಲ ಸ್ವಾಮಿ, ನಿಮ್ಮ ಮನೆಯವರು ಅದನ್ನೆಲ್ಲ ಮುಟ್ಟುವುದಿಲ್ಲವಲ್ಲ, ಮೂರು ದಿನ ಅಲ್ಲಿ ಏನು ಮಾಡಿದರು?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆಕೆ ಮದ್ಯ ಮುಟ್ಟುವವಳಲ್ಲ, ನಾನು ಅಪರೂಪಕ್ಕೊಮ್ಮೆ ಅರ್ಧ ಗ್ಲಾಸು ಕುಡಿಯುವವನು. ಈ ಸಲದ ಸಂಪಾದಕೀಯ ಆ ಹಿರಿಯರಿಗೆ ಅಂದೇ ಕೊಡಬೇಕಾಗಿದ್ದ, ಆದರೆ ಕಾಫಿ ಆರುವುದರೊಳಗೆ ಹೇಳಿ ಮುಗಿಸಲಾಗದಿದ್ದ ಉತ್ತರ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿರುವ ನಮ್ಮಲ್ಲಿ ಬಹುಮಂದಿ ನಾಪಾವನ್ನು ನೋಡಿದವರೇ. ಊರಿನಿಂದ ನೆಂಟರು ಬಂದಾಗ ಬೆಳಿಗ್ಗೆ ಪುಳಿಯೋಗರೆ ಕಟ್ಟಿಕೊಂಡು ಹೊರಟು, ವೈನ್ ತಯಾರಿಸುವ ನಾಲ್ಕು ವೈನರಿಗಳ ಮುಂದೆ ಫೋಟೋ ತೆಗೆಸಿಕೊಂಡು, ರಾತ್ರಿ ಊಟಕ್ಕೆ ಮನೆಗೆ ಮರಳುವುದನ್ನು ನೋಡುವುದೆಂದು ಕರೆಯಬಹುದಾದರೆ ನಾವಿಬ್ಬರೂ ಅದನ್ನು ಐದಾರು ಸಲ ನೋಡಿದ್ದೆವು. ಕಿರಿಯ ಮಗಳು ಕಾಲೇಜಿಗೆ ಹೊರಟುಹೋಗಿ ಮನೆ ಬಿಕೋ ಎನ್ನುತ್ತಿದ್ದ ಈ ಸೆಪ್ಟೆಂಬರಿನಲ್ಲಿ, ಮದುವೆಯಾಗಿ 25 ವರ್ಷ ತುಂಬಿದ ನೆಪ ಮಾಡಿಕೊಂಡು, ಇಬ್ಬರೇ ಹೋಗಿ ಅಲ್ಲೇ ತಂಗುವುದೆಂದು ನಿಶ್ಚಯಿಸಿದೆವು.

ಆದರೂ ಹಳೆಯ ಚಾಳಿ ಬಿಡಲಿಲ್ಲ. ಮೊದಲ ದಿನಕ್ಕೇ ನಾಲ್ಕು ವೈನರಿಗಳಲ್ಲಿ ಸಮಯ ಕಾದಿರಿಸಿ, ಅದನ್ನು ಗಂಟೆವಾರು ಪಟ್ಟಿ ಮಾಡಿ ಅಚ್ಚು ಹಾಕಿಸಿಟ್ಟುಕೊಂಡಿದ್ದೆ. ನಾಪಾ ಕೌಂಟಿ, ಅಂದರೆ ಅಲ್ಲಿನ ಜಿಲ್ಲಾಡಳಿತ, 1990ರಲ್ಲಿ ಮಾಡಿದ ನಿಯಮದ ಪ್ರಕಾರ, ಆ ನಂತರ ಬಂದ ವೈನರಿಗಳು ಮೊದಲೇ ಸಮಯ ಗೊತ್ತುಮಾಡಿಕೊಂಡವರಿಗೆ ಮಾತ್ರ ರುಚಿ ನೋಡಲು ಕೊಡಬಹುದು. ಹಾಗಾಗಿ ದೇವಸ್ಥಾನಗಳನ್ನು ಸುತ್ತಿದ ಹಾಗೆ ಕಂಡಕಂಡಲ್ಲಿ ನುಗ್ಗುವಂತಿಲ್ಲ. ಎರಡನೆಯ ಕಡೆಯಲ್ಲಿ ಮಾತು ಬೆಳೆದು ಮೂರನೆಯ ಕಡೆಗೆ ನಲವತ್ತು ನಿಮಿಷ ತಡವಾಗಿ ತಲುಪಿದಾಗ, ಬಾಗಿಲಲ್ಲಿದ್ದ ಹುಡುಗಿ ಬಹಳ ನಯವಾಗಿ ನಮ್ಮನ್ನು ವಾಪಸು ಕಳಿಸಿದಳು. ಮುಂಗಡ ಕಟ್ಟಿದ್ದ ಹಣವೂ ಹೋಯಿತು; ತಲೆಗೆ ಐವತ್ತು ಡಾಲರ್ ದಾಟುವುದು ಅಲ್ಲಿ ಸಾಮಾನ್ಯ. ಕಾರಿನಲ್ಲಿ ಕುಳಿತ ಮೇಲೆ ಪತ್ನಿ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕಾಗಿ ಮಡಿಚಿ ತನ್ನ ಚೀಲದಲ್ಲಿ ಹಾಕಿಕೊಂಡಳು. "ಇನ್ನು ದಿನಕ್ಕೆ ಒಂದು ಸಾಕು ರೀ" ಎಂದಳು. ನಮ್ಮ ಪ್ರವಾಸ ಆರಂಭವಾದದ್ದು ಆಗಲೇ.

ಅವಸರ ಕಳೆದ ಮೇಲೆ ಕಣಿವೆಯ ಆಕಾರವೇ ಬೇರೆಯಾಗಿ ಕಂಡಿತು. ಪಶ್ಚಿಮದಲ್ಲಿ ಮಾಯಾಕಮಾಸ್ ಬೆಟ್ಟಸಾಲು, ಪೂರ್ವದಲ್ಲಿ ವಾಕಾ ಬೆಟ್ಟಸಾಲು, ನಡುವೆ ಸುಮಾರು 30 ಮೈಲಿ ಉದ್ದದ, ದಕ್ಷಿಣದಲ್ಲಿ ಐದು ಮೈಲಿಯಷ್ಟಿದ್ದು ಉತ್ತರದ ಕ್ಯಾಲಿಸ್ಟೋಗಾದ ಹತ್ತಿರ ಒಂದೇ ಮೈಲಿಗೆ ಕಿರಿದಾಗುವ ಬಯಲು. ಸಂಜೆ ಸ್ಯಾನ್ ಪಾಬ್ಲೋ ಕೊಲ್ಲಿಯಿಂದ ಏರಿಬರುವ ಮಂಜು ದಕ್ಷಿಣದ ಕಾರ್ನೆರೋಸ್ ಭಾಗವನ್ನು ಮೊದಲು ತಂಪು ಮಾಡುತ್ತದೆ. ಅಲ್ಲಿ ಪಿನೋ ನುವಾ, ಶಾರ್ಡನೆ ಎಂಬ ದ್ರಾಕ್ಷಿ ತಳಿಗಳು ಬೆಳೆಯುತ್ತವೆ. ಬಿಸಿಲು ಹೆಚ್ಚಿರುವ ಉತ್ತರದಲ್ಲಿ ಕ್ಯಾಬರ್ನೆ ಸೋವಿನ್ಯೋನ್ ಎಂಬ ಕಪ್ಪು ದ್ರಾಕ್ಷಿಯದೇ ಆಳ್ವಿಕೆ. ಕಣಿವೆಯ ಮುಖ್ಯ ರಸ್ತೆಯಾದ ಹೈವೇ 29ರಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡವರಿಗೆ ಇದು ಕಾಣುವುದಿಲ್ಲ. ಪೂರ್ವದ ಬೆಟ್ಟದ ಬುಡದಲ್ಲಿ ಅದಕ್ಕೆ ಸಮಾನಾಂತರವಾಗಿ ಸಾಗುವ ಸಿಲ್ವರಾಡೋ ಟ್ರೇಲ್ ಎಂಬ ರಸ್ತೆಯಲ್ಲಿ, ಕಿಟಕಿಯ ಗಾಜು ಇಳಿಸಿ ನಿಧಾನವಾಗಿ ಹೋದರೆ, ದಕ್ಷಿಣದಿಂದ ಉತ್ತರಕ್ಕೆ ಗಾಳಿ ಬಿಸಿಯಾಗುವುದು ಕೈಗೇ ತಿಳಿಯುತ್ತದೆ.

ಎರಡನೆಯ ದಿನ ಹೋದ ತೋಟದಲ್ಲಿ ನಮ್ಮನ್ನು ಒಳಗೆ ಕೂರಿಸುವ ಬದಲು ಸಾಲುಗಳ ನಡುವೆ ನಡೆಸಿಕೊಂಡು ಹೋದರು. ನಮ್ಮ ಕಡೆ ದ್ರಾಕ್ಷಿಯೆಂದರೆ ಚಪ್ಪರ, ಗೊಂಚಲು ತಲೆಯ ಮೇಲೆ ತೂಗುತ್ತಿರಬೇಕು. ಇಲ್ಲಿ ತಂತಿಗೆ ಕಟ್ಟಿದ ಬಳ್ಳಿಗಳು ಮೊಣಕಾಲಿನಿಂದ ಸೊಂಟದೆತ್ತರದ ನಡುವೆ ಹಣ್ಣು ಹೊತ್ತು ಬೇಲಿಯಂತೆ ನಿಂತಿರುತ್ತವೆ. ಬಳ್ಳಿಯ ಕಾಂಡದಲ್ಲಿ, ನೆಲದಿಂದ ಗೇಣೆತ್ತರದಲ್ಲಿ, ಒಂದು ಗಂಟು ಇತ್ತು. ನನ್ನ ಪತ್ನಿ ಅದನ್ನು ಮುಟ್ಟಿ, "ಕಸಿ ಕಟ್ಟಿದ್ದಾರೆ" ಎಂದಳು. ನಮ್ಮ ಮಾವನವರು ಮಾವಿನ ತೋಪು ಮಾಡಿದ್ದವರು, ಆಕೆಯ ಕಣ್ಣಿಗೆ ಅದು ತಪ್ಪುವಂತಿರಲಿಲ್ಲ. ಗಂಟಿನ ಮೇಲಿನದು ಯುರೋಪಿನ ಬಳ್ಳಿ, ಕೆಳಗಿನದು ಅಮೆರಿಕದ ಬೇರು. ಫಿಲಾಕ್ಸೆರಾ ಎಂಬ, ಬೇರು ಹೀರುವ ಸಣ್ಣ ಕೀಟ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಯುರೋಪಿಗೆ ಹೋಗಿ ಅಲ್ಲಿನ ತೋಟಗಳನ್ನು ನಾಶಮಾಡಿದಾಗ, ಅದರೊಡನೆ ಬಾಳಿ ಪಳಗಿದ ಅಮೆರಿಕದ ಬೇರಿಗೆ ಕಸಿ ಕಟ್ಟುವುದೇ ಪರಿಹಾರವಾಯಿತು. ಆದರೂ ಕ್ಯಾಲಿಫೋರ್ನಿಯಾದ ಬೆಳೆಗಾರರು, ಹೆಚ್ಚು ಇಳುವರಿ ಕೊಡುತ್ತದೆಂದು, ಅರ್ಧ ಯುರೋಪಿನ ರಕ್ತವಿದ್ದ ಎಎಕ್ಸ್‌ಆರ್1 ಎಂಬ ಬೇರನ್ನು ನೆಚ್ಚಿಕೊಂಡರು. 1980ರ ದಶಕದಲ್ಲಿ ಕೀಟ ಅದನ್ನೂ ಮುರಿದು, ಸಾವಿರಾರು ಎಕರೆ ಕಿತ್ತು ಮತ್ತೆ ನೆಡಬೇಕಾಯಿತು. ಪರದೇಶದ ಬೇರು, ಸ್ವದೇಶದ ಕೊಂಬೆ ಎಂದು ಇದನ್ನು ನಮ್ಮ ಬದುಕಿಗೆ ಹೋಲಿಸಿ ಭಾಷಣ ಮಾಡುವ ಆಸೆ ಸಂಘದ ಸಂಪಾದಕನಾದವನಿಗೆ ಬರುವುದು ಸಹಜ, ಅದನ್ನು ಹತ್ತಿಕ್ಕಿದ್ದೇನೆ.

ತೋಟದಾಕೆ ಒಂದು ಗೊಂಚಲಿನಿಂದ ನಾಲ್ಕು ಹಣ್ಣು ಬಿಡಿಸಿ ಕೊಟ್ಟಳು. ಕ್ಯಾಬರ್ನೆ ಹಣ್ಣು ಬಟಾಣಿಗಿಂತ ತುಸು ದೊಡ್ಡದು, ಸಿಪ್ಪೆ ದಪ್ಪ, ಒಳಗೆ ತಿರುಳಿಗಿಂತ ಬೀಜವೇ ಹೆಚ್ಚೇನೋ ಎನಿಸುತ್ತದೆ, ಸಿಹಿ ಮಾತ್ರ ಅಂಗಡಿಯ ದ್ರಾಕ್ಷಿಯನ್ನು ಮೀರಿದ್ದು. ಬೀಜವನ್ನು ಉಗುಳದೆ ಕಚ್ಚಿ ನೋಡಿ ಎಂದಳು. ಹಸಿರಾಗಿದ್ದು ಒಗರಾದರೆ ಇನ್ನೂ ಕಾಯಬೇಕು, ಕಂದು ಬಣ್ಣಕ್ಕೆ ತಿರುಗಿ ಹುರಿದ ಕಾಳಿನಂತೆ ಕಟುಮ್ಮೆಂದರೆ ಕೊಯ್ಲು ಹತ್ತಿರ ಬಂತೆಂದು ಅರ್ಥ.

ಮುಂದೆ ನೆಲಮನೆಯಲ್ಲಿ ರುಚಿ ನೋಡುವ ಮೇಜಿಗೆ ಕುಳಿತಾಗ ಹಿರಿಯ ಸದಸ್ಯರ ಪ್ರಶ್ನೆಗೆ ನಿಜವಾದ ಉತ್ತರ ಸಿಕ್ಕಿತು. ಪತ್ನಿಗೂ ಒಂದು ಗ್ಲಾಸು ಇಟ್ಟಿದ್ದರು. ಆಕೆ ಕುಡಿಯಲಿಲ್ಲ, ಮೂಸಿದಳು. ಮೊದಲನೆಯದಕ್ಕೆ, "ಇದರಲ್ಲಿ ಹಸಿ ದೊಣ್ಣೆ ಮೆಣಸಿನಕಾಯಿ ಇದೆ" ಎಂದಳು. ಎರಡನೆಯದಕ್ಕೆ, "ಲವಂಗ ಹಾಕಿದ್ದಾರೆ" ಎಂದಳು. ನಾನು ಸಂಕೋಚದಿಂದಲೇ ಅದನ್ನು ಇಂಗ್ಲಿಷಿಗೆ ತಂದು ಹೇಳಿದೆ. ಬಡಿಸುತ್ತಿದ್ದ ಮಧ್ಯವಯಸ್ಕ ಕೈಯಲ್ಲಿದ್ದ ಬಾಟಲಿಯನ್ನು ಕೆಳಗಿಟ್ಟು ಆಕೆಯ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತ. ಕ್ಯಾಬರ್ನೆ ದ್ರಾಕ್ಷಿಯಲ್ಲೂ ದೊಣ್ಣೆ ಮೆಣಸಿನಕಾಯಿಯಲ್ಲೂ ಒಂದೇ ಬಗೆಯ ಸುವಾಸನೆಯ ವಸ್ತುವಿದೆಯಂತೆ, ಹಣ್ಣು ಪೂರ್ತಿ ಮಾಗದಿದ್ದರೆ ಅದು ಎದ್ದು ಕಾಣುತ್ತದೆ. ಲವಂಗವನ್ನು ಯಾರೂ ಹಾಕುವುದಿಲ್ಲ. 225 ಲೀಟರಿನ ಓಕ್ ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟು ಹದಮಾಡುವಾಗ ಮರದಿಂದಲೇ ಲವಂಗದ, ವೆನಿಲಾದ ವಾಸನೆ ಹೊರಡುತ್ತದೆ. ಮೂವತ್ತು ವರ್ಷ ಒಗ್ಗರಣೆಯ ಮುಂದೆ ನಿಂತ ಮೂಗಿಗೆ ತರಬೇತಿಯ ಅಗತ್ಯವಿರಲಿಲ್ಲ. ನಾನು ಕುಡಿದ ಐದು ವೈನುಗಳಲ್ಲೂ ನನಗೆ ದ್ರಾಕ್ಷಿಯ ವಾಸನೆ ಮಾತ್ರ ಬಂದಿತ್ತು.

ವೈನ್ ಕುಡಿಯುವವರೂ ಎಲ್ಲವನ್ನೂ ನುಂಗಬೇಕಾಗಿಲ್ಲ. ಮೇಜಿನ ಮೇಲೆ ಉಗುಳುವ ಪಾತ್ರೆ ಇಟ್ಟಿರುತ್ತಾರೆ, ಅದನ್ನು ಬಳಸುವುದು ಅಮರ್ಯಾದೆಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ರಕ್ತದಲ್ಲಿ ಮದ್ಯ ಶೇಕಡಾ 0.08 ಮುಟ್ಟಿದರೆ ಕಾರು ಓಡಿಸುವುದು ಅಪರಾಧ. ನಮ್ಮ ಕಾರಿನ ಬೀಗದಕೈ ಮೂರು ದಿನವೂ ಯಾರ ಬಳಿ ಇತ್ತೆಂದು ಹೇಳಬೇಕಾಗಿಲ್ಲ.

ಆ ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಕಿಟಕಿ ತೆರೆದರೆ, ರಸ್ತೆಯಾಚೆಯ ತೋಟದಲ್ಲಿ ಹಗಲಿನಂಥ ಬೆಳಕು. ಹಣ್ಣು ತಣ್ಣಗಿರುವಾಗಲೇ ಕೊಯ್ದರೆ ದಾರಿಯಲ್ಲಿ ತಾನಾಗಿ ಹುಳಿಯಲಾರಂಭಿಸುವುದಿಲ್ಲವೆಂದು ಕೊಯ್ಲನ್ನು ರಾತ್ರಿ ಮಾಡುತ್ತಾರೆ. ಟ್ರಾಕ್ಟರಿನ ದೀಪದ ಹಿಂದೆ, ಹಣೆಗೂ ದೀಪ ಕಟ್ಟಿಕೊಂಡ ಹತ್ತು ಹನ್ನೆರಡು ಜನ, ಕುಡುಗೋಲಿನಂತೆ ಬಾಗಿದ ಪುಟ್ಟ ಚಾಕುವಿನಿಂದ ಗೊಂಚಲು ಕತ್ತರಿಸಿ, ತುಂಬಿದ ತೊಟ್ಟಿಯನ್ನು ಎತ್ತಿಕೊಂಡು ಓಡುತ್ತಿದ್ದರು, ನಡೆಯುತ್ತಿರಲಿಲ್ಲ. ಸ್ಪ್ಯಾನಿಷ್ ಮಾತು, ನಡುವೆ ನಗು, ಒಬ್ಬನ ಹಾಡು ಕೇಳಿಸುತ್ತಿತ್ತು. ಇಬ್ಬರೂ ಹೊದಿಕೆ ಸುತ್ತಿಕೊಂಡು ಬೆಳಗಿನವರೆಗೂ ಕಿಟಕಿಯಲ್ಲೇ ಕುಳಿತೆವು. ಹಿಂದೆಯೂ ಈ ಕಣಿವೆಯನ್ನು ಕಟ್ಟಿದವರು ದೂರದಿಂದ ಬಂದ ಕೂಲಿಯವರೇ. ಶ್ರಾಮ್ಸ್‌ಬರ್ಗ್, ಬೆರಿಂಜರ್ ವೈನರಿಗಳ ಗುಹೆಗಳನ್ನು ಕೈಯಿಂದ ಕೊರೆದವರು ಚೀನೀ ಕಾರ್ಮಿಕರು. ಅಂಥವರು ಇನ್ನು ದೇಶದೊಳಗೆ ಬರಬಾರದೆಂಬ ಕಾನೂನು 1882ರಲ್ಲಿ ಬಂತು. ಗುಹೆಗಳು ಈಗಲೂ ಬಳಕೆಯಲ್ಲಿವೆ.

ಕೊನೆಯ ದಿನ ಕ್ಯಾಲಿಸ್ಟೋಗಾದ ಶಾಟೋ ಮಾಂಟಲೀನಾ ಎಂಬ ವೈನರಿಯಲ್ಲಿ ಕೊಳದ ದಂಡೆಯಲ್ಲಿ ಕುಳಿತು ಕಳೆದೆವು. 1976ರ ಮೇ 24ರಂದು ಪ್ಯಾರಿಸಿನಲ್ಲಿ, ಹೆಸರು ಮರೆಮಾಡಿ ರುಚಿ ನೋಡಿದ ಫ್ರೆಂಚ್ ತೀರ್ಪುಗಾರರು ಬಿಳಿ ವೈನುಗಳಲ್ಲಿ ಮೊದಲ ಸ್ಥಾನ ಕೊಟ್ಟದ್ದು ಇಲ್ಲಿನ 1973ರ ಶಾರ್ಡನೆಗೆ. ಅದನ್ನು ತಯಾರಿಸಿದ ಮೈಕ್ ಗರ್ಗಿಚ್ ಕ್ರೊಯೇಷಿಯಾದಿಂದ ವಲಸೆ ಬಂದವರು. ಆ ದ್ರಾಕ್ಷಿಯ ಹೆಚ್ಚಿನ ಪಾಲು ಬೆಳೆದದ್ದು ಪಕ್ಕದ ಸೊನೋಮಾದಲ್ಲಿ ಎಂಬುದನ್ನು ನಾಪಾದವರು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

ಅಲ್ಲಿ ಕುಳಿತಿದ್ದಾಗ ಪತ್ನಿ ಒಂದು ಮಾತು ಕೇಳಿದಳು: "ಇಷ್ಟು ಚೆನ್ನಾಗಿರುವ ಜಾಗದಲ್ಲಿ ಮನೆಗಳೇ ಯಾಕೆ ಏಳಲಿಲ್ಲ?" ಏಳದಂತೆ ತಡೆದದ್ದರಿಂದ. 1968ರಲ್ಲಿ ನಾಪಾ ಕೌಂಟಿಯವರು ಕಣಿವೆಯ ಬಯಲನ್ನು ಕೃಷಿಗೆಂದೇ ಮೀಸಲಿಟ್ಟು, ಭೂಮಿಯನ್ನು 20 ಎಕರೆಗಿಂತ ಚಿಕ್ಕದಾಗಿ ಒಡೆಯುವಂತಿಲ್ಲವೆಂದು ಕಟ್ಟುಮಾಡಿದರು. ಮುಂದೆ ಆ ಮಿತಿ 40 ಎಕರೆಯಾಯಿತು. ನಿವೇಶನ ಮಾಡಿ ಮಾರಿದರೆ ಬರುವ ಹಣ ತಪ್ಪಿತೆಂದು ಅಂದು ಕೋಪಗೊಂಡ ಭೂಮಾಲೀಕರು ಕಡಿಮೆಯಿರಲಿಲ್ಲ. ಅದೇ ಕಾಲದಲ್ಲಿ ಇಂದು ಸಿಲಿಕಾನ್ ವ್ಯಾಲಿ ಎನಿಸಿಕೊಂಡಿರುವ ನಮ್ಮ ಸಾಂಟಾ ಕ್ಲಾರಾ ಕಣಿವೆ ಇನ್ನೊಂದು ದಾರಿ ಹಿಡಿಯಿತು. ಒಣದ್ರಾಕ್ಷಿಯಂತೆ ಒಣಗಿಸಿ ಮಾರುವ ಪ್ಲಮ್ ಹಣ್ಣಿಗೂ ಏಪ್ರಿಕಾಟಿಗೂ ಹೆಸರಾಗಿದ್ದ ಆ ತೋಪುಗಳ ಮೇಲೆಯೇ ನಮ್ಮ ಕಚೇರಿಗಳು, ಮನೆಗಳು, ಯುಗಾದಿಗೆ ನಾವು ಬಾಡಿಗೆಗೆ ಹಿಡಿಯುವ ಸಭಾಂಗಣ ಎಲ್ಲವೂ ನಿಂತಿವೆ. ನಾನು ದೂರುವಂತಿಲ್ಲ, ಆ ದಾರಿಯಿಂದಲೇ ಅನ್ನ ಉಂಡವನು. ನಮ್ಮ ಹಿತ್ತಿಲಿನಲ್ಲಿ ಇನ್ನೂ ಕಾಯಿ ಬಿಡುವ ಮುದಿ ಏಪ್ರಿಕಾಟ್ ಮರ ಯಾರು ನೆಟ್ಟದ್ದೆಂದು ಮಾತ್ರ ದಾರಿಯುದ್ದಕ್ಕೂ ಇಬ್ಬರೂ ಯೋಚಿಸಿದೆವು.

ತಂಗುವ ಖರ್ಚಿನ ಬಗ್ಗೆ ಒಂದು ಮಾತು. ಕೊಯ್ಲಿನ ಕಾಲದಲ್ಲಿ ಹೋಟೆಲಿನ ದರ ಕೇಳಿದರೆ ಎದೆ ಝಲ್ಲೆನ್ನುತ್ತದೆ. 1880ರಲ್ಲಿ ಹೊಸದಾಗಿ ಮದುವೆಯಾಗಿ ಪತ್ನಿ ಫ್ಯಾನಿಯೊಡನೆ ಇಲ್ಲಿಗೆ ಬಂದ ಸ್ಕಾಟ್ಲೆಂಡಿನ ಬರಹಗಾರ ರಾಬರ್ಟ್ ಲೂಯಿಸ್ ಸ್ಟೀವನ್‌ಸನ್ನನಿಗೂ ಹಣ ಸಾಲದೆ, ಇಬ್ಬರೂ ಬೆಟ್ಟದ ಮೇಲೆ ಪಾಳುಬಿದ್ದಿದ್ದ ಬೆಳ್ಳಿಗಣಿಯ ಕೂಲಿಗಳ ಮನೆಯಲ್ಲಿ ಬೇಸಿಗೆ ಕಳೆದರು. ಚಳಿಗಾಲದಲ್ಲಿ ಹೋಗುವವರಿಗೆ ಅಂಥ ಗತಿ ಬರುವುದಿಲ್ಲ: ದರ ಇಳಿದಿರುತ್ತದೆ, ಎಲೆ ಉದುರಿದ ಸಾಲುಗಳ ನಡುವೆ ಸಾಸಿವೆ ಹಳದಿಯಾಗಿ ಹೂಬಿಟ್ಟಿರುತ್ತದೆ, ಮೇಜಿನೆದುರು ಕುರ್ಚಿ ಎಳೆದುಕೊಂಡು ಕೂರಲು ಅಲ್ಲಿನವರಿಗೂ ಪುರುಸೊತ್ತಿರುತ್ತದೆ. ಬರುವ ಫೆಬ್ರವರಿಯಲ್ಲಿ ನಾವು ಮತ್ತೆ ಹೊರಟಿದ್ದೇವೆ. ಈ ಸಲ ಪಟ್ಟಿ ಬರೆದವಳು ಆಕೆ. ಅದರಲ್ಲಿ ಒಂದೇ ಹೆಸರಿದೆ.