ರೇಬಿಸ್ ಲಸಿಕೆಯ ದಿನವೇ ಜಂತಿನ ಗುಳಿಗೆಯೂ ಸಿಗಲಿ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಅದರ ಆಸುಪಾಸಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಉಚಿತವಾಗಿ ಲಸಿಕೆ ಹಾಕುತ್ತಾರೆ. ಜನ ಅವತ್ತು ಸರಪಳಿಯೋ, ಹಗ್ಗವೋ, ಹಳೇ ಸೀರೆಯ ಅಂಚೋ, ಸಿಕ್ಕಿದ್ದರಲ್ಲಿ ಕಟ್ಟಿಕೊಂಡು ನಾಯಿಗಳನ್ನು ಎಳೆದು ತರುತ್ತಾರೆ. ಇಷ್ಟು ನಾಯಿಗಳು ಒಟ್ಟಿಗೆ ಡಾಕ್ಟರ ಕೈಗೆ ಸಿಗುವ ದಿನ ವರ್ಷದಲ್ಲಿ ಇನ್ನೊಂದಿಲ್ಲ. ಆ ದಿನವೇ ಅವುಗಳ ತೂಕ ನೋಡಿ, ಜಂತುಹುಳದ ಗುಳಿಗೆಯನ್ನೂ ಕೊಟ್ಟು ಕಳಿಸಬೇಕು ಎಂಬುದು ನನ್ನ ಕೋರಿಕೆ.

ನಾನು ಚಿತ್ತಾಪುರ ತಾಲ್ಲೂಕಿನ ರೈತ ಮಹಿಳೆ. ಹೊಲದ ಮನೆಯಲ್ಲಿ ಐದು ನಾಯಿಗಳಿವೆ. ತೊಗರಿಗೆ ಕಾಡುಹಂದಿ ನುಗ್ಗುತ್ತವೆ, ಕುರಿ ದೊಡ್ಡಿಯೂ ಇದೆ. ‘ಇಷ್ಟ್ಯಾಕ ನಾಯಿ ಸಾಕೀರವ್ವ?’ ಅಂತ ಬಂದವರೆಲ್ಲ ಕೇಳುತ್ತಾರೆ. ಅದನ್ನು ಹಂದಿಗಳನ್ನೇ ಕೇಳಬೇಕು!

ನಾಲ್ಕೈದು ನಾಯಿ ಇರುವ ಮನೆಯಲ್ಲಿ ಜಂತುಹುಳದ ಲೆಕ್ಕವೇ ಬೇರೆ. ಕಾಳ್ಯಾನ ಬಾಲದ ಬುಡದಲ್ಲಿ ಅಕ್ಕಿ ಕಾಳಿನಂಥದ್ದು ಹರಿದಾಡಿದರೆ ಕಾಳ್ಯಾಗೆ ಮಾತ್ರ ಗುಳಿಗೆ ಹಾಕುವುದು ನಮ್ಮ ಕಡೆ ರೂಢಿ. ಉಳಿದ ನಾಲ್ಕು ಅದೇ ಅಂಗಳದಲ್ಲಿ ಮಲಗುತ್ತವೆ, ಅದೇ ಮಣ್ಣು ನೆಕ್ಕುತ್ತವೆ. ತಿಂಗಳು ಕಳೆಯುವುದರೊಳಗೆ ಕಾಳ್ಯಾನ ಹೊಟ್ಟೆಯಲ್ಲಿ ಮತ್ತೆ ಹುಳ. ಆಮೇಲೆ ‘ಗುಳಿಗೆ ನಕಲಿ’ ಎಂದು ಮೆಡಿಕಲ್‌ನವನಿಗೆ ಬೈಗುಳ. ಎಲ್ಲಕ್ಕೂ ಒಂದೇ ದಿನ ಕೊಡಬೇಕು. ಅದೂ ಒಂದೊಂದನ್ನು ಬೇರೆ ಬೇರೆ ಕಟ್ಟಿ, ಗುಳಿಗೆ ಗಂಟಲಿಗೆ ಇಳಿದಿದ್ದನ್ನು ನೋಡಿಯೇ ಬಿಡಬೇಕು. ರೊಟ್ಟಿ ತುಣುಕಿನಲ್ಲಿಟ್ಟು ಸುಮ್ನೆ ಎಸೆದರೆ ಜೋರಿನ ನಾಯಿ ಎರಡು ಪಾಲು ನುಂಗಿರುತ್ತದೆ, ಬಡಪಾಯಿ ನಾಯಿಗೆ ಏನೂ ಸಿಕ್ಕಿರುವುದಿಲ್ಲ.

ಆ ಅಕ್ಕಿ ಕಾಳು ಲಾಡಿಹುಳದ ತುಂಡು. ಅದು ಚಿಗಟದಿಂದ ಬರುತ್ತದೆ. ಮೈ ಕಚ್ಚಿಕೊಳ್ಳುವಾಗ ನಾಯಿ ಚಿಗಟವನ್ನು ನುಂಗಿದರೆ ಅದರೊಳಗಿನ ಲಾಡಿಹುಳದ ಮರಿ ಹೊಟ್ಟೆ ಸೇರುತ್ತದೆ. ಹಾಗಾಗಿ ಚಿಗಟಕ್ಕೆ ಔಷಧಿ ಹಾಕದೆ ಬರೀ ಗುಳಿಗೆ ನುಂಗಿಸಿದರೆ ದುಡ್ಡು ದಂಡ.

ತೂಕದ ವಿಷಯಕ್ಕೆ ಬರುತ್ತೇನೆ. ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಮೂರೂ ಸೇರಿದ ಗುಳಿಗೆ ಸಾಮಾನ್ಯವಾಗಿ ಹತ್ತು ಕೆಜಿ ತೂಕಕ್ಕೆ ಒಂದು. ಒಂದು ದವಾಖಾನೆಯಲ್ಲಿ ನಮ್ಮ ಐದಕ್ಕೂ ತೂಕ ಕೇಳದೆ ಒಂದೊಂದೇ ಗುಳಿಗೆ ಕೊಟ್ಟರು. ಮೋತಿ ಮೂವತ್ತು ಕೆಜಿ ಹತ್ತಿರ ಇದೆ, ಚಿನ್ನಿ ಎಂಟು ಕೆಜಿ ದಾಟುವುದಿಲ್ಲ. ಇಬ್ಬರಿಗೂ ಒಂದೇ ಅಂದರೆ ಹೇಗೆ? ನಾಯಿ ತೂಗುವ ಸಾಧನ ಅಲ್ಲಿ ಇರಲೇ ಇಲ್ಲ. ನಾವು ತೊಗರಿ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿ ನೋಡಿದೆವು. ಸಣ್ಣ ನಾಯಿಯಾದರೆ ಎತ್ತಿಕೊಂಡು ನಿಂತು, ಆಮೇಲೆ ನಮ್ಮ ತೂಕ ಕಳೆದರೆ ಮುಗಿಯಿತು.

ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಅಲ್ಬೆಂಡಜೋಲ್ ಗುಳಿಗೆಯನ್ನೇ ನಾಯಿಗೂ ಹಾಕುವವರಿದ್ದಾರೆ. ದಯವಿಟ್ಟು ಬೇಡ. ನಾಯಿಗಳಲ್ಲಿ ಅದು ರಕ್ತ ತಯಾರಾಗುವ ಮೂಳೆಯ ಮಜ್ಜೆಗೇ ಹೊಡೆತ ಕೊಡಬಹುದು. ಕುರಿಗೆ ತಂದ ಔಷಧಿಯನ್ನು ಅಂದಾಜಿನಲ್ಲಿ ಕುಡಿಸುವುದೂ ಬೇಡ.

ಮರಿಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಹೊಟ್ಟೆ ಗುಡಾಣವಾಗಿ, ರೋಮ ಒರಟಾಗಿ, ಒಸಡು ಬಿಳಿಚಿಕೊಂಡು ಮರಿಗಳು ಸಾಲಾಗಿ ಸತ್ತರೆ ನಮ್ಮಲ್ಲಿ ‘ದೃಷ್ಟಿ ಆಯ್ತು’ ಅನ್ನುತ್ತಾರೆ. ನಿಂಬೆಹಣ್ಣು ಕಟ್ಟುತ್ತಾರೆ. ಅಸಲಿಗೆ ದುಂಡುಹುಳದ ಮರಿಗಳು ತಾಯಿಯ ಮಾಂಸಖಂಡದಲ್ಲಿ ನಿದ್ದೆ ಮಾಡುತ್ತಿರುತ್ತವೆ. ತಾಯಿ ಗಬ್ಬವಾದಾಗ ಎಚ್ಚರಗೊಂಡು, ಹುಟ್ಟುವ ಮೊದಲೇ ನಾಯಿಮರಿಗಳ ಮೈ ಸೇರುತ್ತವೆ. ಕೊಕ್ಕೆಹುಳ ಹಾಲಿನ ಮೂಲಕವೂ ಬರುತ್ತದೆ, ಮರಿಯ ರಕ್ತ ಹೀರುತ್ತದೆ. ನಿದ್ದೆಯಲ್ಲಿರುವ ಹುಳಕ್ಕೆ ಮಾಮೂಲಿ ಗುಳಿಗೆ ತಾಗುವುದಿಲ್ಲ. ತಾಯಿಯ ಮಲ ಪರೀಕ್ಷೆಯಲ್ಲಿ ಮೊಟ್ಟೆ ಕಾಣದೆಯೂ ಮರಿಯ ಹೊಟ್ಟೆ ತುಂಬ ಹುಳ ಇರುವುದು ಇದಕ್ಕೇ. ಅದಕ್ಕೆ ಮರಿಗೆ ಎರಡು ವಾರ ತುಂಬುತ್ತಲೇ ಔಷಧಿ ಶುರು ಮಾಡಬೇಕು. ಎಂಟು ವಾರದವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ತಾಯಿಗೂ ಮರಿಗಳ ಜೊತೆಗೇ ಕೊಡಬೇಕು. ರೇಬಿಸ್ ಲಸಿಕೆಗೆ ಮರಿಯನ್ನು ತರುವುದು ಮೂರು ತಿಂಗಳಾದ ಮೇಲೆ. ಅಷ್ಟರೊಳಗೆ ಅರ್ಧ ಮರಿಗಳು ಮಣ್ಣು ಸೇರಿರುತ್ತವೆ. ಶಿಬಿರದಲ್ಲಿ ‘ಮನೆಯಲ್ಲಿ ಗಬ್ಬದ ನಾಯಿ ಇದೆಯಾ, ಸಣ್ಣ ಮರಿ ಇವೆಯಾ’ ಎಂದು ಕೇಳಿ ಅವುಗಳ ಔಷಧಿಯನ್ನೂ ಅಲ್ಲೇ ಕೊಟ್ಟರೆ ಎಷ್ಟೋ ಜೀವ ಉಳಿಯುತ್ತವೆ.

ಇನ್ನು ಅಂಗಳ. ದುಂಡುಹುಳದ ಮೊಟ್ಟೆ ಅವತ್ತಿನ ಮಲದಲ್ಲಿ ಅಂಟುವಂತಿರುವುದಿಲ್ಲ. ಅದು ಮಣ್ಣಿನಲ್ಲಿ ಎರಡು ವಾರವಾದರೂ ಮಾಗಬೇಕು. ಮಾಗಿದ ಮೇಲೆ ವರ್ಷಗಟ್ಟಲೆ ಹಾಗೇ ಇರುತ್ತದೆ, ಫಿನಾಯಿಲ್‌ಗೂ ಜಗ್ಗುವುದಿಲ್ಲ. ದಿನಾ ಬೆಳಿಗ್ಗೆ ಮಲ ಎತ್ತಿ ಗುಂಡಿಯಲ್ಲಿ ಮುಚ್ಚಿದರೆ ಅರ್ಧ ಕೆಲಸ ಆದಂತೆ. ತಿಪ್ಪೆಗೆ ಹಾಕಬೇಡಿ, ಅದು ಮತ್ತೆ ಕಾಯಿಪಲ್ಯದ ಮಡಿಗೆ ಬರುತ್ತದೆ. ನಮ್ಮ ಕಡೆ ಶಹಾಬಾದ್ ಕಲ್ಲಿಗೇನು ಬರ? ನಾಯಿ ಮಲಗುವ ಜಾಗಕ್ಕೆ ಅದನ್ನು ಹಾಸಿ, ಸಂದಿಗೆ ಸಿಮೆಂಟ್ ತುಂಬಿಸಿದ್ದೇವೆ. ಆಗಾಗ ಕುದಿಯುವ ನೀರು ಸುರಿಯುತ್ತೇವೆ. ಕೊಕ್ಕೆಹುಳದ ಮರಿಗಳಿಗೆ ನಮ್ಮ ಮೇ ತಿಂಗಳ ಬಿಸಿಲೇ ಸಾಕು, ಒಣಗಿ ಸಾಯುತ್ತವೆ. ಆದರೆ ನೀರಿನ ತೊಟ್ಟಿಯ ಪಕ್ಕದ ತೇವದಲ್ಲಿ ಬದುಕಿಕೊಳ್ಳುತ್ತವೆ. ಮಕ್ಕಳು ಬರಿಗಾಲಲ್ಲಿ ಆಡುವುದೂ ಅಲ್ಲೇ ಅಲ್ವಾ? ಆ ಮರಿಗಳು ಮನುಷ್ಯರ ಚರ್ಮದೊಳಗೂ ಹೊಕ್ಕು ತುರಿಕೆಯ ಗೆರೆ ಎಬ್ಬಿಸುತ್ತವೆ. ದುಂಡುಹುಳದ ಮೊಟ್ಟೆ ಮಗುವಿನ ಬಾಯಿಗೆ ಹೋದರೆ ಕಣ್ಣಿಗೂ ತೊಂದರೆ ಆಗಬಹುದು.

ಕುರಿ ಸಾಕುವವರಿಗೆ ಇನ್ನೊಂದು ಮಾತು. ಜಾತ್ರೆ, ದೇವರ ಕಾರ್ಯದಲ್ಲಿ ಕುರಿ ಕೊಯ್ದಾಗ ನೀರುಗುಳ್ಳೆ ಇರುವ ಕಲೀಜ, ಫುಪ್ಪುಸವನ್ನು ಹಸಿಯಾಗಿಯೇ ನಾಯಿಗೆ ಎಸೆಯುತ್ತೇವೆ. ಆ ಗುಳ್ಳೆಯಲ್ಲಿ ಇನ್ನೊಂದು ಜಾತಿಯ ಲಾಡಿಹುಳದ ಮರಿಗಳಿರುತ್ತವೆ. ನಾಯಿಯಲ್ಲಿ ಅದು ಕೆಲವೇ ಮಿಲಿಮೀಟರ್ ಉದ್ದ ಬೆಳೆಯುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಅದರ ಮೊಟ್ಟೆ ನಮ್ಮ ಹೊಟ್ಟೆಗೆ ಹೋದರೆ ನಮ್ಮ ಪಿತ್ತಜನಕಾಂಗದಲ್ಲೇ ಅಂಥ ಗುಳ್ಳೆ ಬೆಳೆಯುತ್ತದೆ. ಆಪರೇಷನ್ ಮಾಡಿಸಿಕೊಳ್ಳಬೇಕಾಗಬಹುದು. ಅಂಥದ್ದನ್ನು ಹೂಳಬೇಕು, ಇಲ್ಲವೇ ಸುಡಬೇಕು. ಪ್ರಾಜಿಕ್ವಾಂಟೆಲ್ ಈ ಹುಳವನ್ನೂ ಕೊಲ್ಲುತ್ತದೆ.

ಪಶುವೈದ್ಯಕೀಯ ವಿಶ್ವವಿದ್ಯಾಲಯ ದೂರ ಇಲ್ಲ, ಬೀದರ್‌ನಲ್ಲೇ ಇದೆ. ಅಲ್ಲಿನ ತಜ್ಞರು ಯಾವ ವಯಸ್ಸಿಗೆ, ಎಷ್ಟು ತೂಕಕ್ಕೆ, ಯಾವ ಗುಳಿಗೆ ಎಂದು ಒಂದು ಹಾಳೆಯಲ್ಲಿ ಸರಳವಾಗಿ ಬರೆದುಕೊಟ್ಟರೆ ಪಶುಪಾಲನಾ ಇಲಾಖೆ ಅದನ್ನು ಶಿಬಿರದಲ್ಲಿ ಹಂಚಬಹುದು. ಗುಳಿಗೆ ಪುಕ್ಕಟೆ ಕೊಡಲು ಆಗದಿದ್ದರೆ ದುಡ್ಡು ತಗೊಳ್ಳಲಿ, ನಮ್ಮಂಥವರು ಕೊಡುತ್ತೇವೆ. ತೂಕ ಮಾತ್ರ ನೋಡಲಿ. ನಮ್ಮ ತಾಲ್ಲೂಕಿನ ಶಿಬಿರಕ್ಕೆ ಕಾಟಾ ಬೇಕಾದರೆ ಹಿಂದಿನ ದಿನ ಹೇಳಿಕಳಿಸಿದರೆ ಸಾಕು, ಟಂಟಂನಲ್ಲಿ ಹಾಕಿ ಕಳಿಸುತ್ತೇನೆ.

ಇತಿ,
ಒಬ್ಬ ರೈತ ಮಹಿಳೆ
ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ